ಒಂದಿಂಚೂ ಕದಲದೆ ನಾಲ್ಕು ಜಿಲ್ಲೆ ಕಂಡ ಕಲ್ಲು

ಬೆಂಗಳೂರು–ಮೈಸೂರು ಹಳೇ ರಸ್ತೆಯಲ್ಲಿ ರಾಮನಗರ ದಾಟಿ, ಚನ್ನಪಟ್ಟಣ ಮುಟ್ಟುವ ಮುಂಚೆ ಸಿಗುವ ಊರು ಕೆಂಗಲ್. ಅಯ್ಯನಗುಡಿಯ ಆಂಜನೇಯ, ಜನವರಿಯ ದನಗಳ ಜಾತ್ರೆ, ಒಬ್ಬ ಮುಖ್ಯಮಂತ್ರಿಯ ಹೆಸರಿನ ಮುಂದೆ ಕೂತ ಖ್ಯಾತಿ: ಊರಿನ ಆಸ್ತಿ ಹೆಚ್ಚುಕಮ್ಮಿ ಇಷ್ಟೇ. ದೇವರನ್ನೂ ಮಂತ್ರಿಗಳನ್ನೂ ಮಾತಾಡಿಸುವವರು ಬೇಕಾದಷ್ಟು ಜನ ಇದ್ದಾರೆ. ನಾವು ರಸ್ತೆ ಬದಿಯ ಮೈಲಿಗಲ್ಲನ್ನು ಮಾತಾಡಿಸಿದೆವು. ಮಾತು ಮುಗಿಯುವವರೆಗೆ ಯಾರೂ ತನ್ನ ಮೇಲೆ ಪೋಸ್ಟರ್ ಅಂಟಿಸಬಾರದು ಎಂಬ ಷರತ್ತಿನ ಮೇಲೆ ಅದು ಬಾಯಿಬಿಟ್ಟಿತು.

ತಾತ, ನಿಮಗೀಗ ವಯಸ್ಸೆಷ್ಟು?

ಕಡಿದು ನಿಲ್ಸಿದ ಲೆಕ್ಕಾನೋ, ಬಂಡೆ ಲೆಕ್ಕಾನೋ? ನಿಲ್ಸಿದ್ದು ಮೊನ್ನೆ ಮೊನ್ನೆ, ಮಹಾರಾಜರ ಕಾಲದಲ್ಲಿ. ಬಂಡೆ ಲೆಕ್ಕಕ್ಕೆ ಹೋದ್ರೆ 250 ಕೋಟಿ ವರ್ಷ ಕಣಪ್ಪ. ಭೂಗರ್ಭಶಾಸ್ತ್ರದೋರು ನಮ್ಮ ಮನೆತನಕ್ಕೆ ಕ್ಲೋಸ್‌ಪೇಟೆ ಗ್ರಾನೈಟ್ ಅಂತಾರೆ. ಉತ್ತರ–ದಕ್ಷಿಣವಾಗಿ ನೂರಾರು ಮೈಲಿ ನಮ್ಮ ದಾಯಾದಿಗಳೇ ಹಬ್ಬವ್ರೆ. ರಾಮದೇವರ ಬೆಟ್ಟದ ಬಂಡೆಗಳೂ ನಮ್ಮೋರೇ. 1975ರಲ್ಲಿ ‘ಶೋಲೆ’ ಬಂತು ನೋಡು, ಅವತ್ತಿಂದ ಅವು ನಮ್ಮನ್ನ ಮಾತಾಡಿಸೋದು ನಿಲ್ಸಿದ್ವು. ಈಗ್ಲೂ ಜನ ಬಂದು ಗಬ್ಬರ್ ಸಿಂಗ್ ಕೂತ ಬಂಡೆ ಎಲ್ಲಿ ಅಂತ ಕೇಳ್ತಾರೆ. ಅದೇ ಬೆಟ್ಟದ ರಣಹದ್ದು ಎಷ್ಟು ಉಳಿದವೆ ಅಂತ ಕೇಳಿದೋರನ್ನ ನಾನು ಕಾಣೆ.

ಕ್ಲೋಸ್‌ಪೇಟೆ ಎಂದರೆ ಈಗಿನ ರಾಮನಗರ ತಾನೇ?

ಹೂಂ. ಟಿಪ್ಪು ಕಾಲದಲ್ಲಿ ಶಂಶೇರಾಬಾದ್. ಆಮೇಲೆ ಬ್ಯಾರಿ ಕ್ಲೋಸ್ ಅನ್ನೋ ಇಂಗ್ಲಿಷ್ ದೊರೆ ಹೆಸರಲ್ಲಿ ಕ್ಲೋಸ್‌ಪೇಟೆ. ಸ್ವಾತಂತ್ರ್ಯ ಬಂದ್ಮೇಲೆ ರಾಮನಗರಂ. ಬರ್ತಾ ಬರ್ತಾ ಬಾಲದ ಸೊನ್ನೆ ಉದುರಿ ರಾಮನಗರ. ಊರ ಮೇಲಿಂದ ದೊರೆ ಹೆಸರು ಅಳಿಸಿದ್ರು, ಬಂಡೆ ಮೇಲಿಂದ ಅಳ್ಸೋಕೆ ಆಗ್ಲಿಲ್ಲ. ಇಷ್ಟೆಲ್ಲ ಆಗೋವಾಗ ರೇಷ್ಮೆಗೂಡು ಹೊತ್ಕೊಂಡು ಮಾರ್ಕೆಟ್ಟಿಗೆ ಹೋಗೋ ರೈತರು ಕೇಳ್ತಿದ್ದುದು ಒಂದೇ ಮಾತು: ಇವತ್ತು ರೇಟ್ ಎಷ್ಟು?

ನೀವು ಯಾವ ಜಿಲ್ಲೆಯವರು ಎಂದು ಬರೆದುಕೊಳ್ಳಲಿ?

ಪೆನ್ಸಿಲಲ್ಲಿ ಬರ್ಕೊ. ಮೊದಲು ಬೆಂಗಳೂರು ಜಿಲ್ಲೆ. 1986ರಲ್ಲಿ ಬೆಂಗಳೂರು ಗ್ರಾಮಾಂತರ ಅಂದ್ರು. ಪಟ್ಣದೋರ ಪಂಕ್ತಿಯಿಂದ ಎಬ್ಬಿಸಿ ಹಜಾರದಲ್ಲಿ ಕೂರಿಸಿದಂಗಾಯ್ತು. 2007ರಲ್ಲಿ ರಾಮನಗರ ಜಿಲ್ಲೆ. ಸಿಹಿ ಹಂಚಿದ್ರು, ನನಗೂ ಸುಣ್ಣ ಬಳಿದ್ರು. 2025ರ ಮೇ ತಿಂಗಳಲ್ಲಿ ಸಂಪುಟ ಸಭೆ ಕೂತು, ಇನ್ಮೇಲೆ ಬೆಂಗಳೂರು ದಕ್ಷಿಣ ಜಿಲ್ಲೆ ಅಂದ್ರು. ಜಿಲ್ಲಾ ಕೇಂದ್ರ ಮಾತ್ರ ರಾಮನಗರವೇ ಅಂತೆ. ನಾನು ಒಂದಿಂಚೂ ಕದಲಿಲ್ಲ ಕಣಪ್ಪ, ನಾಲ್ಕು ಜಿಲ್ಲೆ ಸುತ್ತಿದೆ. ಟ್ರಾವೆಲ್ ಅಲೋವೆನ್ಸ್ ಕೇಳೋಣ ಅಂತಿದ್ದೀನಿ.

ಮೈ ಮೇಲಿನ ಅಕ್ಷರಗಳೂ ಬದಲಾಗಿರಬೇಕು.

ಮೆಟ್ರಿಕ್ ಪದ್ಧತಿ ಬಂದಾಗ ಮೈಲಿ ಅಳಿಸಿ ಕಿಲೋಮೀಟರ್ ಬರೆದ್ರು. ನೆನ್ನೆ ಇದ್ದದ್ದಕ್ಕಿಂತ ಇವತ್ತು ಮೈಸೂರು ದೂರ ಆಗೈತಲ್ಲ ಅಂತ ಗಾಡಿಯೋರು ನನಗೇ ಬಯ್ದರು. ರಾಜ್ಯ ಹೆದ್ದಾರಿ 17 ಅಂತಿದ್ದೋನಿಗೆ ರಾಷ್ಟ್ರೀಯ ಹೆದ್ದಾರಿ 275 ಅಂತ ಬಡ್ತಿ ಕೊಟ್ರು. ಬಡ್ತಿಯಾಯ್ತು, ಸಂಬಳ ಇಲ್ಲ. ಹತ್ತಿರದಲ್ಲೇ ಜಾನಪದ ಲೋಕ ಐತೆ, ನಾಗೇಗೌಡರು ಕಟ್ಟಿದ್ದು. ಅಲ್ಲಿ ಒರಳು, ಬೀಸೋ ಕಲ್ಲಿಗೆಲ್ಲ ಸೂರು ಮಾಡಿ ಟಿಕೆಟ್ ಇಟ್ಟವ್ರೆ. ಕೆಲಸ ಬಿಟ್ಟ ಕಲ್ಲಿಗೆ ನೆರಳು, ಇನ್ನೂ ಡ್ಯೂಟಿ ಮೇಲಿರೋ ನನಗೆ ಬಿಸಿಲು. ನಾಗೇಗೌಡರ ಮೇಲೆ ನನಗೆ ಸಿಟ್ಟಿಲ್ಲ. ಅವರು ಎತ್ತಿಟ್ಟದ್ದಕ್ಕೆ ಆ ಒರಳುಗಳು ಚಪ್ಪಡಿ ಆಗದೆ ಉಳಿದ್ವು.

ಕೆಂಗಲ್ ಎಂದೊಡನೆ ಹನುಮಂತಯ್ಯನವರ ನೆನಪಾಗುತ್ತದೆ.

ಆಗ್ಬೇಕು. 1908ರಲ್ಲಿ ಲಕ್ಕಪ್ಪನಹಳ್ಳೀಲಿ ಹುಟ್ಟಿದೋರು, ಹೆಸರಿಗೆ ಮುಂಚೆ ನಮ್ಮೂರನ್ನ ಇಟ್ಕೊಂಡ್ರು. ವಿಧಾನಸೌಧಕ್ಕೆ 1951ರಲ್ಲಿ ನೆಹರೂ ಅಡಿಗಲ್ಲು ಹಾಕಿದ್ರು. ಮುಂದಿನ ವರ್ಷ ಇವರು ಮುಖ್ಯಮಂತ್ರಿ ಆದ್ರು, ಅಷ್ಟು ಚಿಕ್ಕದು ಸಾಲದು ಅಂತ ನಕ್ಷೇನೇ ತಿದ್ದಿಸಿದ್ರು. ಅದರ ಅಲಂಕಾರಕ್ಕೆ ಮಾಗಡಿಯ ಗುಲಾಬಿ ಕಲ್ಲು ಹೋಯ್ತು, ನಮ್ಮ ಕಡೆಯೋರು. ಒಳಗಿನ ಕಲಾಪ ಕೇಳಿ ಕೇಳಿ ಅವು ಇನ್ನೂ ಗುಲಾಬಿಯಾಗೇ ಅವೆಯೋ, ನಾಚಿ ಕೆಂಪಾದವೋ ಕಾಣೆ. ಬಾಗಿಲ ಮೇಲೆ ‘ಸರ್ಕಾರದ ಕೆಲಸ ದೇವರ ಕೆಲಸ’ ಅಂತ ಕೆತ್ತಿಸಿದ್ರಲ್ಲ, ಅದನ್ನ ಮುಂದೆ ಬಂದೋರು ಅಕ್ಷರಶಃ ಹಿಡ್ಕೊಂಡ್ರು. ದೇವರ ಕೆಲಸ, ಫಲ ಮುಂದಿನ ಜನ್ಮದಲ್ಲಿ.

ಹಳೇ ಮೈಸೂರಿನ ದೊಡ್ಡೋರಲ್ಲಿ ಎಷ್ಟೋ ಜನಕ್ಕೆ ಏಕೀಕರಣ ಬೇಡವಾಗಿತ್ತು. ಇವರು ಬೇಕು ಅಂತ ನಿಂತ್ರು. 1956ರ ನವೆಂಬರ್ 1ಕ್ಕೆ ಕನ್ನಡನಾಡು ಒಂದಾಯ್ತು, ಅಷ್ಟೊತ್ತಿಗೆ ಇವರ ಕುರ್ಚಿ ಹೋಗಿತ್ತು. ನೆನಪಿಗೆ ಅಂತ ಬೆಂಗಳೂರಲ್ಲಿ ಒಂದು ರಸ್ತೆಗೆ ಹೆಸರಿಟ್ಟವ್ರೆ. ಬೋರ್ಡಿನ ಮೇಲೆ ಅದು ಕೆ.ಎಚ್. ರಸ್ತೆ. ನಮ್ಮೂರು ಇಡಿಯಾಗಿ ಒಂದು ‘ಕೆ’ ಆಗೋಯ್ತು. ಆಟೋದೋರನ್ನ ಕೇಳಿ ನೋಡು, ಡಬಲ್ ರೋಡ್ ಅಂತಾರೆ. ಆ ‘ಕೆ’ ಕೂಡ ಉಳೀಲಿಲ್ಲ.

ದಶಪಥ ಹೆದ್ದಾರಿ ಬಂದ ಮೇಲೆ ಆರಾಮವಾಗಿರಬೇಕಲ್ಲ, ಧೂಳು ಕಮ್ಮಿ, ಗದ್ದಲ ಕಮ್ಮಿ?

ವ್ಯಾಪಾರಾನೂ ಕಮ್ಮಿ, ಅದನ್ನೂ ಸೇರಿಸ್ಕೊ. 2023ರ ಮಾರ್ಚ್ 12ಕ್ಕೆ ಪ್ರಧಾನಮಂತ್ರಿಗಳು ಮಂಡ್ಯ ಜಿಲ್ಲೇಲಿ ಉದ್ಘಾಟನೆ ಮಾಡಿದ್ರು. ವಾರ ತುಂಬೋದ್ರೊಳಗೆ ಒಂದು ಮಳೆ ಬಿತ್ತು, ಸಂಗಬಸವನದೊಡ್ಡಿ ಹತ್ರ ಹೊಸ ರಸ್ತೇಲಿ ಕಾರು ತೇಲೋ ಹಂಗೆ ನೀರು. ರಸ್ತೆಗೆ ಟೋಲು, ಕೆರೆಗೆ ಫ್ರೀ. ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ ಎಲ್ಲಾನೂ ಬೈಪಾಸು ಬಳಸ್ಕೊಂಡು ಹೋಗ್ತದೆ. ಮೈಸೂರಿಗೆ ಹೋಗೋರಿಗೆ ನಡುವೆ ಊರುಗಳವೆ ಅನ್ನೋದೇ ಮರೆತೋಗೈತೆ.

ಬಿಡದಿ ತಟ್ಟೆ ಇಡ್ಲಿ, ಮದ್ದೂರು ವಡೆ ನಂಬ್ಕೊಂಡೋರು, ಚನ್ನಪಟ್ಟಣದ ಬೊಂಬೆ ಅಂಗಡಿಯೋರು ಆವಾಗ ಲಬೋಲಬೋ ಅಂದ್ರು. ಬೊಂಬೆ ಅಂದ್ರೆ ಹುಡುಗಾಟ ಅಲ್ಲ ಕಣಪ್ಪ. ಆಲೆ ಮರ ಒಣಗಿಸ್ಬೇಕು, ತಿರುಗೋ ಮರಕ್ಕೆ ಉಳಿ ಹಿಡೀಬೇಕು, ಅರಗಿನ ಬಣ್ಣ ಒತ್ತಬೇಕು, ತಾಳೆಗರಿಯಲ್ಲಿ ಉಜ್ಜಿ ಹೊಳಪು ತರಬೇಕು. ಕೊಳ್ಳೋನು ಮಾತ್ರ ಮಗು ಅತ್ತಾಗ ಗಾಡಿ ನಿಲ್ಸಿ ಕೊಳ್ಳೋನು. ಈಗ ನೂರರ ಸ್ಪೀಡಲ್ಲಿ ಮಗು ಅತ್ತು ನಿಲ್ಲಿಸೋದ್ರೊಳಗೆ ಶ್ರೀರಂಗಪಟ್ಟಣ ಬಂದಿರ್ತದೆ.

ಒಂದು ಪುಣ್ಯ. 2023ರ ಆಗಸ್ಟ್ 1ರಿಂದ ಆ ಹೆದ್ದಾರೀಲಿ ಬೈಕು, ಆಟೋ, ಟ್ರ್ಯಾಕ್ಟರ್ ಬಿಡಲ್ಲ. ಅವೆಲ್ಲ ನನ್ನ ಪಾಲಿಗೆ ಉಳಿದ್ವು. ನಂಗೆ ಯಾವತ್ತೂ ಬೇಕಾಗಿದ್ದೋರು ಅವರೇ. ಕಾರಿನೋನು ನನ್ನ ಓದಲ್ಲ, ಟ್ರ್ಯಾಕ್ಟರಿನೋನು ನಿಧಾನಕ್ಕೆ ಓದ್ಕೊಂಡು ಹೋಗ್ತಾನೆ.

ದನಗಳ ಜಾತ್ರೆ ಹೇಗೆ ನಡೆಯುತ್ತಿದೆ?

ಹಳ್ಳಿಕಾರ್ ಎತ್ತು ಬಂದು ನಿಂತ್ರೆ ಆ ಕೊಂಬು, ಆ ಗತ್ತು ನೋಡೋಕೆ ನಾನೇ ಕತ್ತು ತಿರುಗಿಸ್ಬೇಕು ಅನ್ಸುತ್ತೆ, ಆಗಲ್ಲ. ಉಳುಮೆ ಟ್ರ್ಯಾಕ್ಟರಿಗೆ ಹೋಯ್ತು, ಎತ್ತು ಗತ್ತಿಗೆ ಉಳೀತು. ವ್ಯಾಪಾರ ಇವತ್ತಿಗೂ ಟವಲಿನ ಕೆಳಗೇ, ಬೆರಳು ಹಿಡಿದು ಬೆಲೆ ಕಟ್ಟೋದು. ಒಂದು ಮಾತು ಬರ್ಕೊ: ನಮ್ಮಲ್ಲಿ ಟವಲ್ ಮುಚ್ಚಿ ದನ ಮಾತ್ರ ಮಾರ್ತಾರೆ. ಶಾಸಕರ ವ್ಯಾಪಾರಕ್ಕೆ ರೆಸಾರ್ಟ್ ಬೇರೆ ಐತೆ.

ಆ ಮಾತಿಗೆ ಕೇಳುತ್ತೇನೆ, ರಾಜಕಾರಣಿಗಳು ಈ ಕಡೆ ಬರುತ್ತಾರಾ?

ಬರ್ದೇ ಇರ್ತಾರಾ? ಹನುಮಂತಯ್ಯ, ಕನಕಪುರದಿಂದ ಗೆದ್ದ ರಾಮಕೃಷ್ಣ ಹೆಗಡೆ, ರಾಮನಗರದಿಂದ ಗೆದ್ದ ದೇವೇಗೌಡ್ರು, ಕುಮಾರಸ್ವಾಮಿ. ಮುಖ್ಯಮಂತ್ರಿಗಳ ಬೆಳೆಗೆ ನಮ್ಮ ಮಣ್ಣು ಹೇಳಿ ಮಾಡಿಸಿದ್ದು, ರಾಗಿಗಿಂತ ಚೆನ್ನಾಗಿ ಬರ್ತದೆ. ಎಲೆಕ್ಷನ್ ಬಂದ್ರೆ ಎಲ್ಲ ಪಕ್ಷದೋರೂ ಅಯ್ಯನಿಗೆ ಕೈ ಮುಗಿಯೋರೇ. ನಮ್ಮ ಹನುಮಪ್ಪ ಮೊದಲು ಉತ್ತರಕ್ಕೆ ಮುಖ ಮಾಡಿದ್ದ, ಬರ್ತಾ ಬರ್ತಾ ಪೂರ್ವಕ್ಕೆ ತಿರುಗಿದ ಅಂತ ಜನ ಹೇಳ್ತಾರೆ. ನಾನು ರಸ್ತೇಲಿರೋನು, ಕಂಡಿಲ್ಲ. ಆದ್ರೆ ಪಕ್ಷ ತಿರುಗಿಸೋರಿಗೆ ಅವನ ಮೇಲೆ ಅಷ್ಟು ಭಕ್ತಿ ಯಾಕೆ ಅನ್ನೋದಕ್ಕೆ ಬೇರೆ ಕಾರಣ ಬೇಕಾ?

ಬೆಂಗಳೂರು ದಕ್ಷಿಣ ಆದ ಮೇಲೆ ನಿಮಗೇನಾದರೂ ಲಾಭ?

ಲಾಭ ಜಮೀನಿಗೆ. ಹೆಸರಲ್ಲಿ ಬೆಂಗಳೂರು ಸೇರಿದ್ರೆ ಗುಂಟೆ ಬೆಲೆ ಹಾರ್ತದೆ ಅನ್ನೋ ಆಸೆ ಎಲ್ಲರಿಗೂ. ಮೊನ್ನೆ ಒಬ್ಬ ಬ್ರೋಕರ್ ಬಂದ. ಕಪ್ಪು ಕನ್ನಡಕ, ಎರಡು ಫೋನು. ನನ್ನ ತಲೆ ಮೇಲೆ ಒಂದು ಕಾಲಿಟ್ಕೊಂಡು, ಆ ಕಡೆಯೋರಿಗೆ “ಸಾರ್, ಬೆಂಗಳೂರಿಂದ ಜಸ್ಟ್ ಇಪ್ಪತ್ತು ನಿಮಿಷ” ಅಂದ. ಮೈಲಿಗಲ್ಲಿನ ಮೇಲೆ ಕಾಲಿಟ್ಕೊಂಡು!

ನೀವು ಸುಮ್ಮನಿದ್ದಿರಾ?

ಇನ್ನೇನ್ ಮಾಡ್ಲಿ? ಹೋದ ಸಲ ಸುಣ್ಣ ಬಳಿದೋರು ಅಂಕಿ ಮೇಲೂ ಬಳ್ಕೊಂಡು ಹೋಗವ್ರೆ. ಅವನು ಬಗ್ಗಿ ನೋಡಿದ, ಏನೂ ಕಾಣ್ಲಿಲ್ಲ. “ಬೇಕಾದ್ರೆ ಹದಿನೈದು ನಿಮಿಷ ಅಂತಿಟ್ಕೊಳಿ ಸಾರ್” ಅಂದ.