ಹಾಲು ಮೊದ್ಲು, ಹಿಂಡಿ ಆಮ್ಯಾಲೆ: ಒಂದು ಎಮ್ಮೆ ಮಣಕದ ಸಂದರ್ಶನ

ಧಾರವಾಡದ ಕಡೆಯ ಹಳ್ಳಿಯೊಂದರಲ್ಲಿ ಮೂರು ವರ್ಷ ದಾಟಿದರೂ ಗಬ್ಬ ನಿಲ್ಲದ ಎಮ್ಮೆ ಮಣಕದ ಮೇಲೆ ಗೊಡ್ಡೆಂಬ ಆರೋಪ ಹೊರಿಸಲಾಗಿದೆ. ದೃಷ್ಟಿ ತೆಗೆಸಿದ್ದಾಯಿತು, ಕೊರಳಿಗೆ ಕರಿದಾರ ಕಟ್ಟಿದ್ದಾಯಿತು. ಆರೋಪಿಯನ್ನು ಮಾತ್ರ ಯಾರೂ ವಿಚಾರಿಸಿರಲಿಲ್ಲ.

ನಿಮ್ಮ ಮನೆತನದ ಬಗ್ಗೆ ಹೇಳಿ.

ಅವ್ವ ಇದ ಸೀಮಿಯಾಕಿ, ಧಾರವಾಡಿ ತಳಿ. ಪೇಡೆದ ಹೆಸರಿನ ಹಿಂದ ಅಕೀ ಬಳಗದ ಹಾಲೈತಿ. ಅಪ್ಪ ಹರಿಯಾಣದ ಮುರ್ರಾ. ನೈಟ್ರೋಜನ್ ಕ್ಯಾನಿನ್ಯಾಗ ಬಂದಾಂವ, ಮಾರಿ ನೋಡಿಲ್ಲ. ಅಂವನ ಹೆಸರು ಹೇಳ್ಕೊಂಡು ಮಾಲಕ ಊರೆಲ್ಲಾ ಮೆರದ. ವಂಶ ದೊಡ್ಡದಿದ್ರ ಹೊಟ್ಟಿ ತಾನ ತುಂಬತೈತಿ ಅಂತ ತಿಳ್ಕೊಂಡಿದ್ದ.

ಬಾಲ್ಯ ಹೇಗಿತ್ತು?

ಹುಟ್ಟಿದಾಗ 28 ಕೆಜಿ ಇದ್ದೆ. ಒಂದೆರಡು ತಾಸಿನ್ಯಾಗ ಗಿಣ್ಣದ ಹಾಲು ಕುಡಿಸಬೇಕಿತ್ತು. ಒಂದು ದಿನ ದಾಟಿದ್ರ ಅದರಾಗಿನ ರೋಗ ತಡೆಯೂ ಶಕ್ತಿ ನಮ್ಮ ಕರುಳಿಗೆ ಹತ್ತಂಗಿಲ್ಲ. ಮಾಲಕ ಮಾಸು ಬೀಳೂತನಕ ಕರಾ ಬಿಡಬಾರದು ಅಂದ. ಮಾಸು ಬೀಳೂದ್ರಾಗ ಸಂಜಿ ಆತು. ಗಿಣ್ಣಾ ಬೆಲ್ಲ, ಯಾಲಕ್ಕಿ ಕೂಡಿ ಓಣಿಯ ಮನಿಮನಿಗೆ ಹೋತು. ಎಲ್ಲಾರೂ ಭಾಳ ಚಲೋ ಆಗೇತಿ ಅಂದ್ರಂತ.

ಆಮೇಲಾದರೂ ಹಾಲು ಸಿಕ್ಕಿತೆ?

ದಿನಾ ಎರಡು ಹೊತ್ತು ಹಗ್ಗ ಬಿಚ್ಚತಿದ್ರು. ಓಡಿ ಹೋಗಿ ಮೊಲಿ ಹಿಡದು ನಾಕು ಸಲ ಗುದ್ದೂದ್ರಾಗ ಅವ್ವ ತೊರಿ ಬಿಡತಿದ್ಲು. ಬಾಯಾಗ ನೊರಿ ಇರೂವಾಗ್ಲೇ ನನ್ನ ಜಗ್ಗಿ ಗೂಟಕ್ಕ ಕಟ್ಟತಿದ್ರು. ಅಲ್ಲಿ ನಾ ಕರಾ ಅಲ್ರೀ, ಕೀಲಿಕೈ. ಕೀಲಿ ತೆಗದ ಮ್ಯಾಲೆ ಕೀಲಿಕೈ ಗೂಟಕ್ಕ.

ಹಾಲಿಗೆ ಫ್ಯಾಟ್ ನೋಡಿ ದರ. ಕರುವಿಗೆ ಕುಡಿಸಿದರೆ ಸಂಸಾರ ನಡೆಯುವುದು ಹೇಗೆ ಎನ್ನುತ್ತಾರೆ ಮಾಲೀಕರು.

ಖರೇನ. ಅಂವನ ಸಂಸಾರ ನಡೀಬೇಕು. ನಮ್ಮ ಅಣ್ಣ ಒಬ್ಬಾಂವ ಇದ್ದ, ಗಂಡುಗರಾ, ಮೊಲಿ ಹತ್ರ ಭಾಳೊತ್ತು ಬಿಡ್ತಿದ್ದಿಲ್ಲ. ಒಂದ ತಿಂಗಳಿಗೆ ಸತ್ತ. ಅವ್ವ ಹಾಲು ಕೊಡೂದು ಬಿಟ್ಲು. ಆಗ ಅಂವನ ಚರ್ಮಾ ಸುಲದು, ಒಳಗ ಹುಲ್ಲು ತುಂಬಿ, ಅಕೀ ಮುಂದ ನಿಲ್ಲಿಸಿದ್ರು. ಅವ್ವ ನೆಕ್ಕಿದ್ಲು, ತೊರಿ ಬಿಟ್ಲು. ಅಂವಗ ಹೊಟ್ಟಿತುಂಬ ಹುಲ್ಲು ಸಿಕ್ಕದ್ದು ಅವತ್ತ.

ನೀವು ಮಾತ್ರ ಉಳಿದಿರಿ.

ಹೆಣ್ಣಲ್ರೀ, ಮುಂದ ಹಾಲು ಕೊಡತೇನಿ ಅನ್ನೂ ಆಸೆ. ಆದ್ರೂ ನನಗ ಸಿಕ್ಕಿದ್ದು ಒಣ ಕಣಕಿ. ಎರಡನೇ ವಾರದಿಂದ ಕರುವಿನ ಹಿಂಡಿ ಚೂರುಚೂರು ನೆಕ್ಕಿಸಿದ್ರ ಮೆಲಕು ಹಾಕೂ ಹೊಟ್ಟಿ ಲಗೂ ತಯಾರಾಗತೈತಿ. ಜಂತಿನ ಔಷಧಾನೂ ಅದ ವಾರ ಹಾಕಬೇಕು, ಯಾಕಂದ್ರ ನಮಗ ಹುಳ ಅವ್ವನ ಹಾಲಿನ್ಯಾಗ ಬರತಾವ. ಎರಡೂ ಆಗಲಿಲ್ಲ. ಕಾಲು ಕಡ್ಡಿ, ಹೊಟ್ಟಿ ಡೊಳ್ಳು. ಮಾಲಕ ಆ ಹೊಟ್ಟಿ ತಟ್ಟಿ, ‘ಮಣಕ ಮೇದು ಮೈ ಹಿಡದೈತಿ’ ಅಂತ ಮಂದಿಗೆ ತೋರಸ್ತಿದ್ದ.

ಆದರೆ ವಯಸ್ಸಾಯಿತಲ್ಲ. ಬೆದೆಗೆ ಬರಬೇಡವೆ?

ಬೆದಿ ಜಾತಕಾ ನೋಡಂಗಿಲ್ಲ, ತೂಕಾ ನೋಡತೈತಿ. ದಿನಕ್ಕ 450 ಗ್ರಾಂ ಬೆಳದ್ರೂ 20 ತಿಂಗಳಿಗೆ ಸುಮಾರು 300 ಕೆಜಿ. ಆಗ ಗಬ್ಬ ನಿಂತ್ರ ಹತ್ತು ತಿಂಗಳಿಗೆ ಕರಾ. ಅಂದ್ರ ಈಗಾಗ್ಲೇ ಅಂವಾ ನನ್ನ ಹಾಲಿನ ಪೇಡೆ ತಿಂದಿರಬೇಕಿತ್ತು. ಈಗ ನಾ 240 ಇದ್ದೇನಿ. ಹಾಲು ಕೊಡೋ ಎಮ್ಮಿಗೆ ಹಿಂಡಿ, ಕೊಡದಾಕಿಗೆ ಕಣಕಿ ಅನ್ನೂದು ಈ ದಂದಕ್ಕಿಯ ಕಾಯ್ದೆ. ಹಿಂಡಿ ಉಳಿಸಿ ಒಂದು ಸೂಲು ಕಳಕೊಂಡ.

ಮಾಲೀಕರಿಗೆ ಯಾರೂ ತಿಳಿವಳಿಕೆ ಹೇಳಲಿಲ್ಲವೆ?

ಹೇಳ್ಯಾರ. ಬಣ್ಣದ ಕರಪತ್ರ ಕೊಟ್ಟು ಫೋಟೋ ತಗೊಂಡು ಹೋದ್ರು. ಮಾಲಕ ಅದನ್ನ ಗ್ವಾದಲ್ಯಾಗ ಇಟ್ಟ. ಹಸಿ ಮೇವು, ದಿನಕ್ಕ ಒಂದೂವರಿ ಕೆಜಿ ಹಿಂಡಿ, ಖನಿಜ ಮಿಶ್ರಣ, ಎಲ್ಲಾ ಇತ್ತು ಅದರಾಗ. ಅದಕ್ಕ ತಿಂದುಬಿಟ್ಟೆ.

ಈಗ ನಿಮ್ಮ ಆರೈಕೆ ಜೋರಾಗಿದೆಯಂತೆ?

ಗೊಡ್ಡು ಅಂದ್ರ ಸಂತ್ಯಾಗ ರೊಕ್ಕ ಬರಂಗಿಲ್ಲಲ್ಲ, ಅದಕ್ಕ. ಮೊನ್ನೆ ಒಂದ ಸಲಕ್ಕ ಐದು ಕೆಜಿ ಹಿಂಡಿ ಸುರುವಿದ. ಹೊಟ್ಟಿ ಕೆಟ್ಟು ಎರಡು ದಿನ ಮೆಲಕ ಹಾಕಲಿಲ್ಲ. ಮೂರು ವರ್ಷದ ಬಾಕಿ ಒಂದ ಊಟದಾಗ ತೀರಸಾಕ ಬಂದಿದ್ದ.

ಬೆದೆಗೆ ಬಂದರೂ ಗೊತ್ತಾಗುವುದಿಲ್ಲ ಎಂಬ ದೂರೂ ಇದೆ.

ನಾವು ಆಕಳಂಗ ಒದರಿ ಊರು ಎಬ್ಬಸೂ ಮಂದಿ ಅಲ್ಲ, ನಮ್ಮದು ಮೂಕ ಬೆದಿ. ರಾತ್ರಿ ಇಲ್ಲಾ ನಸುಕಿನ್ಯಾಗ ಬಂದು ನೋಡಬೇಕು. ಮಾಲಕ ಹತ್ತು ಹೊಡದ ಮ್ಯಾಲೆ ಬಂದು ‘ಏನೂ ಇಲ್ಲ’ ಅಂತಾನ. ಬ್ಯಾಸಗ್ಯಾಗಂತೂ ಕರೀ ಚರ್ಮ ಸುಡತೈತಿ, ಮೈಮ್ಯಾಲೆ ನಾಕು ಕೊಡ ನೀರು ಹಾಕಿದ್ರ ಬೆದಿ ನೆನಪಾದೀತು.

ಮುಂದೆ ನಿಮಗೊಂದು ಕರು ಹುಟ್ಟಿದರೆ?

ಅದರ ಪಾಲಿನ ಹಾಲು ಮೊದಲ ಬರಕೊಡ್ರಿ ಅಂತ ಬಾಂಡ್ ಪೇಪರ್ ಕೇಳೇನಿ. ಕಾಗದ ಕೊಟ್ರ ತಿಂತೀ ಅಂತ ಮಾಲಕ ಒಲ್ಲೆ ಅನ್ನಾಕ ಹತ್ಯಾನ.