ವಲಯವರ್ಣ ಮೀಮಾಂಸೆ

ಅಥ ಟ್ರಾಫಿಕ್ ವಿಚಾರಃ. ಬೆಂಗಳೂರಿನ ವಾಹನಗಳು ನಿಂತೇ ಇರುವುದಕ್ಕೆ ಗುಂಡಿಯೇ ಕಾರಣ, ಮಳೆಯೇ ಕಾರಣ ಎನ್ನುವ ಪೂರ್ವಪಕ್ಷಿಗಳುಂಟು. ಅವರು ನೆಲ ನೋಡಿದ್ದಾರೆ, ನಕ್ಷೆ ನೋಡಿಲ್ಲ. ಟ್ರಾಫಿಕ್ ಹುಟ್ಟುವುದು ಬಣ್ಣದ ಪೆನ್ಸಿಲಿನಲ್ಲಿ ಎಂಬುದೇ ಸಿದ್ಧಾಂತ.

ಇದಕ್ಕೆ ಪ್ರಮಾಣಗ್ರಂಥ, 2007ರಲ್ಲಿ ಅಂಗೀಕಾರವಾದ ‘ಮಹಾಯೋಜನೆ 2015’. ಮುಂದಿನದು ಕರಡಿನಲ್ಲೇ ತೀರಿಕೊಂಡದ್ದರಿಂದ ಇದಕ್ಕೆ ಚಿರಂಜೀವಿ ಪಟ್ಟ. ಅದರ ನಕ್ಷೆಯಲ್ಲಿ ವಾಸಕ್ಕೆ ಹಳದಿ, ವ್ಯಾಪಾರಕ್ಕೆ ನೀಲಿ, ಉದ್ಯಮಕ್ಕೆ ನೇರಳೆ, ಉದ್ಯಾನಕ್ಕೆ ಹಸಿರು. ಹಳದಿಯಲ್ಲಿ ಮಲಗಿದ ಜೀವ ನೇರಳೆಯಲ್ಲಿ ದುಡಿಯತಕ್ಕದ್ದು. ನಡುವೆ ಸವೆಯುವ ಆಯುಷ್ಯಕ್ಕೆ ಸಂಸಾರವೆಂದೂ ಸಿಲ್ಕ್ ಬೋರ್ಡ್ ಜಂಕ್ಷನ್ ಎಂದೂ ಎರಡು ಹೆಸರು. ಹಳದಿಯೊಳಗೆ ನಾಲ್ಕು ಅಂಗಡಿಗೆ ಎಡೆ ಕೊಟ್ಟದ್ದಕ್ಕೇ ಬಡಾವಣೆಯ ಹಿರಿಯರು ವರ್ಣಸಂಕರವಾಯಿತೆಂದು ಬೊಬ್ಬೆಯಿಟ್ಟರು. ಅದೇ ಹಿರಿಯರು ಕೊತ್ತಂಬರಿಗೂ ಕಾರು ತೆಗೆಯುತ್ತಾರೆ, ಅದು ಆಚಾರ.

ಪ್ರಾಚೀನರಿಗೆ ಈ ಜ್ಞಾನವಿರಲಿಲ್ಲ. ಗಾಣಿಗರಪೇಟೆ, ಬಳೇಪೇಟೆಗಳಲ್ಲಿ ಕೆಳಗೆ ಮಳಿಗೆ, ಮೇಲೆ ಮನೆ. ವರ್ತಕನ ದಿನದ ಪ್ರಯಾಣ ಒಂದು ಮೆಟ್ಟಿಲಸಾಲು. ಪಾಪ, ಕ್ಯಾಬ್ ಕ್ಯಾನ್ಸಲ್ ಆಗುವ ಸುಖ ಕಾಣದೆಯೇ ಹೋದ. ಮಧ್ಯಯುಗದಲ್ಲೂ ಅದೇ ಮೌಢ್ಯ: ಐಟಿಐ ಕಾರ್ಖಾನೆ ನೌಕರರಿಗೆ ದೂರವಾಣಿನಗರ ಕಟ್ಟಿತು, ಬಿಇಎಲ್ ಜಾಲಹಳ್ಳಿಯಲ್ಲಿ ಕಾಲೊನಿ ಕಟ್ಟಿತು. ಕ್ವಾರ್ಟರ್ಸ್ ಸಿಕ್ಕವರು ಸೈಕಲ್ಲಿನಲ್ಲೇ ಹೊತ್ತಿಗೆ ಸರಿಯಾಗಿ ಗೇಟು ಮುಟ್ಟುತ್ತಿದ್ದರು. ಇಂಥ ನಾಗರಿಕತೆ ಉಳಿಯುವುದು ಹೇಗೆ?

ನವೀನರ ಪ್ರತಿಭೆಗೆ ಹೊರ ವರ್ತುಲ ರಸ್ತೆಯೇ ಸಾಕ್ಷಿ. ಲಾರಿಗಳು ಊರೊಳಗೆ ನುಗ್ಗದಿರಲೆಂದು ಅದನ್ನು ಹಾಕಿದರು. ಆದರೆ ರಸ್ತೆ ಅಗಲವಿದ್ದಷ್ಟೂ ಹೆಚ್ಚು ಕಟ್ಟಲು ಅನುಮತಿ ಎಂಬುದು ನೆಲ-ಕಟ್ಟಡ ಅನುಪಾತದ, ಅಂದರೆ ಎಫ್‌ಎಆರ್ ಸೂತ್ರ. ಊರನ್ನು ತಪ್ಪಿಸಲು ಮಾಡಿದ ದಾರಿಯ ಇಕ್ಕೆಲದಲ್ಲೇ ಊರು ಬಂದು ಕೂತಿತು. ಇನ್ನು ಪಾರ್ಕಿಂಗ್ ಸೂತ್ರ: ಕಚೇರಿಯ ಇಷ್ಟು ಚದರ ಮೀಟರಿಗೆ ಒಂದು ಕಾರಿನ ಜಾಗ ಕಡ್ಡಾಯ. ಇಷ್ಟು ನೌಕರರಿಗೆ ಒಂದು ಮನೆ ಎಂದು ಎಲ್ಲೂ ಇಲ್ಲ. ಕಾರುಗಳಿಗೆ ಬೆಳ್ಳಂದೂರಿನಲ್ಲಿ ನೆಲಮಾಳಿಗೆಯಿದೆ. ಅವುಗಳ ಒಡೆಯರು ಹೊಸಕೋಟೆಯತ್ತ ಸೈಟು ಹುಡುಕುತ್ತಿದ್ದಾರೆ.

ಮೆಟ್ರೋದ ಬಣ್ಣಗಳಿಂದ ಈ ಶಾಸ್ತ್ರಕ್ಕೆ ಬಾಧೆ ಬರುವುದಿಲ್ಲವೇ? ಪರಿಶೀಲಿಸೋಣ. ನೇರಳೆ ಮಾರ್ಗ ವೈಟ್‌ಫೀಲ್ಡಿನ ದುಡಿಮೆಗೆ ಒಯ್ಯುತ್ತದೆ, ಸರಿ. ಹಸಿರು ಮಾರ್ಗ ಲಾಲ್‌ಬಾಗ್ ಮುಟ್ಟುತ್ತದೆ, ಅದೂ ಸರಿ. ಆದರೆ 2025ರ ಆಗಸ್ಟಿನಲ್ಲಿ ಬಂದ ಹಳದಿ ಮಾರ್ಗ ಜನರನ್ನು ಮನೆ ಬಿಡಿಸಿ ಎಲೆಕ್ಟ್ರಾನಿಕ್ ಸಿಟಿಗೆ ಸಾಗಿಸುತ್ತದೆ. ಇದು ವಿರೋಧಾಭಾಸ ಮಾತ್ರ. ಸಂಜೆಯ ರೈಲುಗಳು ಹಳದಿಗೇ ಮರಳುವುದರಿಂದ ಅವೇ ಮೂಲಪಾಠ. ಬೆಳಗಿನವನ್ನು ಪ್ರಕ್ಷಿಪ್ತವೆಂದು ಬಿಡತಕ್ಕದ್ದು.