ಪಡಸಾಲೆಯಲ್ಲೊಂದು ಜಲಾಶಯ

ಭತ್ತಕ್ಕೆ ಒಳ್ಳೆಯ ದರ ಬಂದ ವರ್ಷ ಸಿಂಧನೂರಿನ ಮನೆಗಳಿಗೆ ಮೊದಲು ಟ್ರ್ಯಾಕ್ಟರು ಬರುತ್ತದೆ, ಆಮೇಲೆ ಬಂಗಾರ. ನಮ್ಮ ಭಾವನವರ ಮನೆಗೆ ಇವೆರಡೂ ಎಂದೋ ಬಂದಾಗಿದ್ದರಿಂದ ಈ ಸಲ ಮೀನು ಬಂದವು. ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ, ಎರಡು ಅಡಿ ಎತ್ತರದ ಅಕ್ವೇರಿಯಂ ಅನ್ನು ಪಡಸಾಲೆಗೆ ಇಳಿಸಿ, ನೀಲಿ ದೀಪ ಹಚ್ಚಿ, ಬೀಗರ ವಾಟ್ಸ್ಆ್ಯಪ್ ಗುಂಪಿಗೆ ಫೋಟೋ ಹಾಕಿದರು. ಸಂಜೆಯೊಳಗೆ ಲಿಂಗಸುಗೂರಿನ ಸೋದರಮಾವನಿಗೂ ಮಸ್ಕಿಯ ನಮ್ಮ ಮನೆಯಲ್ಲಿ ಮಗಳಿಗೂ ಅದೇ ಬೇಕಾಯಿತು. ಮೂರೂ ಊರಿಗೆ ಓಡಾಡಿಕೊಂಡಿರುವ ನಾನು ಸಲಹೆಗಾರನಾದೆ. ದುಡ್ಡು ಹಾಕದವನೇ ಸಲಹೆ ಕೊಡಬೇಕೆಂಬುದು ನಮ್ಮ ಬಳಗದ ಪದ್ಧತಿ.

ಮೀನು ಆಮೇಲೆ, ಮೊದಲು ನೀರು ನೋಡಿ ಎಂದೆ. ಅಂಥ ತೊಟ್ಟಿ ಹಿಡಿಯುವುದು ಸುಮಾರು 340 ಲೀಟರ್; ತೂಕವೂ 340 ಕೆಜಿ. ಗಾಜು, ಜಲ್ಲಿ, ಸ್ಟ್ಯಾಂಡು ಸೇರಿದರೆ ನಾಲ್ಕೂವರೆ ಕ್ವಿಂಟಲ್ ದಾಟುತ್ತದೆ. ನಮ್ಮ ಲೆಕ್ಕದಲ್ಲಿ 75 ಕೆಜಿಯ ಆರು ಚೀಲ ಭತ್ತ. ಭತ್ತವಾದರೆ ದರ ನೋಡಿ ಮಾರಬಹುದು, ಇದು ಕೂತಲ್ಲೇ ಕೂತಿರುತ್ತದೆ. ಅದೂ ಎರೆಭೂಮಿಯ ಮೇಲೆ! ಮಳೆಗೆ ಉಬ್ಬಿ, ಬೇಸಿಗೆಗೆ ಬಿರಿಯುವ ಈ ಮಣ್ಣು ಮೇಲಿನ ಫರಸಿಯನ್ನೂ ತನ್ನ ಜೊತೆ ಎಬ್ಬಿಸಿ ಕೂರಿಸುತ್ತದೆ. ನೆಲ ಒಂದು ಕಡೆ ತಗ್ಗಾದರೆ ಗಾಜಿನ ಮೂಲೆಗೆ ಒತ್ತಡ. ಆದ್ದರಿಂದ ವಾಸ್ತು ಪಂಡಿತರಿಗಿಂತ ಮೊದಲು ಮೇಸ್ತ್ರಿಯನ್ನು ಕರೆದು ರಸಮಟ್ಟ ಇಡಿಸಬೇಕು. ಪಂಡಿತರು ಹೇಳುವುದು ಈಶಾನ್ಯ. ಅಲ್ಲಿ ಕಿಟಕಿಯಿದ್ದರೆ ಬೆಳಗಿನ ಬಿಸಿಲು ಬಿದ್ದು, ಅದೃಷ್ಟ ಬರುವ ಮುನ್ನ ಪಾಚಿ ಬರುತ್ತದೆ.

ತೊಟ್ಟಿ ಕೊಂಡವನು ತನಗೇ ಗೊತ್ತಾಗದಂತೆ ನೀರಾವರಿ ಮಂತ್ರಿಯಾಗಿಬಿಡುತ್ತಾನೆ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಜಲಾಶಯದ 19ನೇ ಗೇಟು ಕೊಚ್ಚಿಹೋದಾಗ ಇಡೀ ಎಡದಂಡೆ ಕಾಲುವೆಯ ನಮ್ಮ ಸೀಮೆ ಉಸಿರು ಬಿಗಿಹಿಡಿದಿತ್ತು. ಅಲ್ಲಿ ಗೇಟಿನ ಜಾಗಕ್ಕೆ ತಾತ್ಕಾಲಿಕ ತಡೆಯಾಗಿ ಸ್ಟಾಪ್‌ಲಾಗ್ ಇಳಿಸಲು ತಜ್ಞರು ಬಂದರು. ಪಡಸಾಲೆಯ ಜಲಾಶಯದಲ್ಲಿ ಸಿಲಿಕಾನ್ ಅಂಟು ಬಿಟ್ಟರೆ ಇಳಿಸಲು ಇರುವುದು ಮನೆಯ ಕೌದಿಗಳು ಮಾತ್ರ. ಹೂಳಿನ ಕಥೆಯೂ ಅಷ್ಟೆ. ಸುಮಾರು 133 ಟಿಎಂಸಿಯ ತುಂಗಭದ್ರೆಯನ್ನು 105ರ ಆಸುಪಾಸಿಗೆ ಇಳಿಸಿದ್ದು ಹೂಳು. ತೊಟ್ಟಿಯಲ್ಲಿ ಮೀನಿನ ಹೊಲಸು, ಉಳಿದ ಕಾಳು ತಳಕ್ಕೆ ಕೂತು ಅಮೋನಿಯಾ ಆಗುತ್ತದೆ. ಅದು ಮೀನಿಗೆ ವಿಷ. ಅದನ್ನು ಅರಗಿಸುವ ಬ್ಯಾಕ್ಟೀರಿಯಾ ಫಿಲ್ಟರಿನಲ್ಲಿ ಬೇರೂರಲು ತಿಂಗಳ ಮೇಲೇ ಬೇಕು. ಅಲ್ಲಿಯವರೆಗೆ ನೀರು ತುಂಬಿ, ಬ್ಯಾಕ್ಟೀರಿಯಾದ ಪಾಲಿಗೆಂದು ಚಿಟಿಕೆ ಕಾಳು ಹಾಕಿ, ಮೋಟರು ಓಡಿಸುತ್ತ, ಮೀನಿಲ್ಲದ ತೊಟ್ಟಿ ಕಾಯಬೇಕು. ನೋಡಲು ಬಂದ ಬೀಗರಿಗೆ ಬ್ಯಾಕ್ಟೀರಿಯಾ ತೋರಿಸುವುದು ಹೇಗೆ ಎಂದು ಭಾವ ಕೇಳಿದರು. ಚಹಾ ಕೊಟ್ಟು ಕಳಿಸ್ರಿ ಎಂದೆ.

ಲಿಂಗಸುಗೂರಿನ ಮಾವನದು ಬೇರೆಯೇ ಹಟ. ಹಟ್ಟಿಯ ಚಿನ್ನದ ಗಣಿ ತಾಲೂಕಿನಲ್ಲೇ ಇರುವಾಗ ಗೋಲ್ಡ್ ಫಿಶ್ ಬಿಟ್ಟು ಬೇರೆ ಮೀನು ಸಾಕುವುದು ಮರ್ಯಾದೆಗೆ ಕಡಿಮೆಯಂತೆ. ಗೋಲ್ಡ್ ಫಿಶ್‌ಗೆ ಬೇಕಾದದ್ದು ತಂಪು ನೀರು. ನಮ್ಮ ಏಪ್ರಿಲ್, ಮೇ 40 ಡಿಗ್ರಿಯ ಕೆಳಗೆ ಮಾತಾಡುವುದೇ ಇಲ್ಲ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ, ಗಾಳಿ ಪಂಪು ನಿಲ್ಲುವಂತಿಲ್ಲ. ಶಕ್ತಿನಗರದ ವಿದ್ಯುತ್ ಕೇಂದ್ರ ನಮ್ಮ ಜಿಲ್ಲೆಯದೇ, ಆದರೆ ಕರೆಂಟಿಗೆ ನೆಂಟಸ್ತನದ ಪರಿವೆಯಿಲ್ಲ. ಇನ್ವರ್ಟರ್ ಮೇಲೆ ಮಾವನ ಧಾರಾವಾಹಿಯೋ ಮೀನಿನ ಉಸಿರೋ ಎಂಬುದು ಮೊದಲೇ ತೀರ್ಮಾನವಾಗಬೇಕು. ಬೋರಿನ ಗಡಸು ನೀರಿಗೆ ಒಗ್ಗುವ ಗಪ್ಪಿ, ಮೋಲಿ ತರಬಹುದು ಎಂದೆ. ಅವುಗಳ ಹೆಸರಿನಲ್ಲಿ ಚಿನ್ನವಿಲ್ಲ ಎಂದು ಮಾವ ಒಪ್ಪಲಿಲ್ಲ.

ಭಾವನವರ ತೊಟ್ಟಿಯ ನಿಜವಾದ ಪರೀಕ್ಷೆ ಮಾಡಿದವನು ನನ್ನ ಗೆಳೆಯ. ಪೂರ್ವ ಬಂಗಾಳದಿಂದ ಬಂದ ಕುಟುಂಬಗಳು ನೆಲೆಸಿದ ಸಿಂಧನೂರಿನ ಕ್ಯಾಂಪಿನವನು, ಮೀನಿನ ಹೊಂಡವಿರುವವನು. ಭಾವ ಹೆಮ್ಮೆಯಿಂದ, “ನೋಡ್ರಿ, ಇವು ಶಾರ್ಕ್” ಎಂದು ಬೆರಳುದ್ದದ ಬೂದು ಮೀನು ತೋರಿಸಿದರು. ಅವನು ಗಾಜಿಗೆ ಮೂಗು ತಾಗಿಸಿ ನೋಡಿ, “ಅಣ್ಣಾರ, ಇದು ಪಂಗಾಸ್. ನಮ್ಮ ಹೊಂಡದಾಗ ಇದನ್ನ ಕಿಲೋ ಲೆಕ್ಕದಾಗ ಮಾರ್ತೀವಿ. ಬೆಳದ್ರ ನಿಮ್ಮ ತೊಟ್ಟ್ಯಾಗ ಹೊಳ್ಳಾಕ ಜಾಗ ಇರಂಗಿಲ್ಲ” ಎಂದ. ಮೀಟರ್ ದಾಟಿ ಬೆಳೆಯುವ ಮೀನದು. ಸಸ್ಯಾಹಾರಿಯಾದ ನಮ್ಮ ಅಕ್ಕ ಅಂದಿನಿಂದ ಅಡುಗೆಮನೆಯ ಬಾಗಿಲು ಹಾಕಿಕೊಂಡೇ ಇರುತ್ತಾಳೆ.

ಮಗಳು ಚರಿತ್ರೆ ಹಿಡಿದು ಬಂದಳು. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಪತ್ತೆಹಚ್ಚಿದ ನಮ್ಮೂರು ಮಸ್ಕಿಯ ಬಂಡೆಯ ಶಾಸನದಿಂದಲೇ ಶಾಸನಗಳಲ್ಲಿ ಬರುವ ದೇವಾನಾಂಪ್ರಿಯನೆಂದರೆ ಅಶೋಕ ಎಂಬುದು ಖಚಿತವಾಯಿತು. ಅದೇ ಅಶೋಕ ಐದನೆಯ ಸ್ತಂಭಶಾಸನದಲ್ಲಿ ಕೆಲವು ದಿನ ಮೀನು ಕೊಲ್ಲಬಾರದು, ಮಾರಲೂಬಾರದು ಎಂದಿದ್ದಾನೆ. “ಅಶೋಕನ ಊರಾಗ ಇದ್ದು ಮೀನು ಸಾಕಲಿಲ್ಲಂದ್ರ ಹೆಂಗಪ್ಪಾ?” ಮಾರಬಾರದು ಎಂದ ಮೇಲೆ ಕೊಳ್ಳುವುದು ಹೇಗೆ ಎಂದು ಕೇಳಿದೆ. ಉತ್ತರದ ಬದಲು ಮುನಿಸು ಬಂತು.

ಕೊನೆಗೆ ನಮ್ಮ ಮನೆಯ ನೀರಾವರಿ ಸಲಹಾ ಸಮಿತಿ ಸೇರಿತು. ವಾರಕ್ಕೊಮ್ಮೆ ಕಾಲುಭಾಗ ನೀರು ತೆಗೆದು, ಒಂದು ದಿನ ತೆರೆದಿಟ್ಟು ಕ್ಲೋರಿನ್ ಹೋಗಿಸಿದ ನಲ್ಲಿ ನೀರು ಹಾಕಬೇಕು, ತೆಗೆದ ನೀರು ಗಿಡಕ್ಕೆ ಒಳ್ಳೆಯ ಗೊಬ್ಬರ ಎಂದು ವರದಿ ಒಪ್ಪಿಸಿದೆ. ಖರ್ಚಿನ ಮಾತಿಗೆ ಸುಮ್ಮನಿದ್ದ ಹೆಂಡತಿ ಅಲ್ಲಿ ಕಿವಿ ನಿಮಿರಿಸಿದಳು. ಮಾಳಿಗೆಯ ಮೇಲಿನ ಅವಳ ಮಲ್ಲಿಗೆ, ಕರಿಬೇವು ಕಾಲುವೆಯ ಕೊನೆಭಾಗದ ಹೊಲದ ಹಾಗೆ ಯಾವಾಗಲೂ ಒಣಗಿರುತ್ತವೆ.

“ಹಂಗಾದ್ರ ತರ್ರಿ. ಆದ್ರ ಪ್ರತಿ ರವಿವಾರ ಐದು ಬಕೀಟು ಮಾಳಗಿಗೆ ಏರಬೇಕು. ಮ್ಯಾಲಿನವ್ರಿಗೇ ಸಾಲಲಿಲ್ಲ, ಕೊನೀಭಾಗಕ್ಕ ನೀರಿಲ್ಲ ಅನ್ನಂಗಿಲ್ಲ. ಬರದು ಕೊಡ್ರಿ!”

ಬರೆದುಕೊಟ್ಟಿದ್ದೇನೆ. ಬಕೀಟು ಹೊರುವವರು ಯಾರೆಂಬುದು ಮೊದಲನೆಯ ಕಲಂ. ಸಾಕ್ಷಿ ಸಹಿ ಮಗಳದು.